14700ಕೆ ಓವರ್‌ಕ್ಲಾಕ್ ಮಾಡಬೇಕು: 360 ಲಿಕ್ವಿಡ್ ಹಾಕಲಾ, ದೊಡ್ಡ ಏರ್ ಕೂಲರ್ ಸಾಕಾ?

ಬಟವಾಡಿ ಎಡಿಟರ್ (ತುಮಕೂರು)

ಎಲ್ಲರಿಗೂ ನಮಸ್ಕಾರ. ಮದುವೆ, ಗೃಹಪ್ರವೇಶ, ನಾಮಕರಣದ ವಿಡಿಯೊ ಎಡಿಟಿಂಗ್ ನನ್ನ ಕೆಲಸ. ಮನೆಯ ಮೇಲಿನ ರೂಮೇ ಸ್ಟುಡಿಯೊ. ತಲೆ ಮೇಲೆ ಬರೀ ಆರ್‌ಸಿಸಿ, ಏಪ್ರಿಲ್ ಮಧ್ಯಾಹ್ನ ಫ್ಯಾನ್ ಹಾಕಿದರೂ ಬಿಸಿ ಗಾಳಿಯೇ ಮುಖಕ್ಕೆ ಹೊಡೆಯುತ್ತದೆ. ರೂಮಿನಲ್ಲಿ 36, 37 ಡಿಗ್ರಿ ಮಾಮೂಲಿ. ಎಸಿ ಇಲ್ಲ, ಸದ್ಯಕ್ಕೆ ಹಾಕಿಸುವುದೂ ಇಲ್ಲ.

ಸಿಸ್ಟಮ್ ಇಂಟೆಲ್ ಐ7-14700ಕೆ, ಝಡ್790 ಮದರ್‌ಬೋರ್ಡ್, 32 ಜಿಬಿ ಡಿಡಿಆರ್5 ರ್ಯಾಮ್, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 4060. ಕೂಲರ್ ಮಾತ್ರ ಹಳೇದು. ಒಂದೇ ಟವರ್, ನಾಲ್ಕು ಹೀಟ್ ಪೈಪ್, ಒಂದು 120 ಎಂಎಂ ಫ್ಯಾನ್. ಹಿಂದಿನ ಸಿಸ್ಟಮ್‌ನಿಂದ ಬಿಚ್ಚಿ, ಹೊಸ ಸಾಕೆಟ್‌ಗೆ ಕ್ಲ್ಯಾಂಪ್ ತರಿಸಿ ಕೂರಿಸಿದ್ದು. ಕ್ಯಾಬಿನೆಟ್ ಮುಂದೆ ಪೂರ್ತಿ ಗಾಜು, ಅದರ ಹಿಂದೆ ಮೂರು ಫ್ಯಾನ್. ಹಿಂದೆ ಒಂದು. ಯುಪಿಎಸ್ 600 ವಿಎ.

ಸಿನಿಬೆಂಚ್ (ಪ್ರೊಸೆಸರ್‌ಗೆ ಪೂರ್ತಿ ಲೋಡ್ ಕೊಡುವ ಪರೀಕ್ಷೆ) ಓಡಿಸಿದರೆ ಅರ್ಧ ನಿಮಿಷದೊಳಗೆ 100 ಡಿಗ್ರಿ ಮುಟ್ಟಿ ಅಲ್ಲೇ ನಿಲ್ಲುತ್ತದೆ, ಕ್ಲಾಕ್ ಇಳಿಯುತ್ತದೆ. ಪ್ರೀಮಿಯರ್‌ನಲ್ಲಿ ಮುಹೂರ್ತದ ಫುಲ್ ವಿಡಿಯೊ ಎಕ್ಸ್‌ಪೋರ್ಟ್‌ಗೆ ಹಾಕಿದರೆ ಅಲ್ಲೂ 90ರ ಮೇಲೆಯೇ. ಆದರೂ ಪಿ ಕೋರ್ (ವೇಗದ ಕೋರ್) ಅಷ್ಟನ್ನೂ ಓವರ್‌ಕ್ಲಾಕ್ ಮಾಡಿ, ಅಂದರೆ ಕಂಪನಿ ಇಟ್ಟ ಸ್ಪೀಡ್‌ಗಿಂತ ಮೇಲೆ, 5.7 ಗಿಗಾಹರ್ಟ್ಸ್‌ಗೆ ಏರಿಸಬೇಕು ಅಂತ ಆಸೆ. ಕೆ ಪ್ರೊಸೆಸರ್‌ಗೆ ಜಾಸ್ತಿ ದುಡ್ಡು ಕೊಟ್ಟಿದ್ದೇ ಅದಕ್ಕೆ ಅಲ್ವಾ?

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಒಂದು ಅಂಗಡಿಯಲ್ಲಿ ಕೇಳಿದೆ, "ಇದಕ್ಕೆ 360 ಲಿಕ್ವಿಡ್ಡೇ, ಬೇರೆ ಮಾತೇ ಇಲ್ಲ" ಅಂದರು, ಅಂದರೆ ಪಂಪ್‌ನಿಂದ ದ್ರವ ತಿರುಗಿಸುವ, 360 ಎಂಎಂ ರೇಡಿಯೇಟರ್ ಇರುವ ಕೂಲರ್. ಇಲ್ಲಿ ಗೆಳೆಯನೊಬ್ಬ, ನೀರು ಸೋರಿ ಗ್ರಾಫಿಕ್ಸ್ ಕಾರ್ಡ್ ಮೇಲೆ ಬಿದ್ದರೆ ಸೀಸನ್ ಮಧ್ಯದಲ್ಲಿ ಏನ್ ಮಾಡ್ತೀಯ ಅಂತ ಹೆದರಿಸುತ್ತಾನೆ. ಬಜೆಟ್ 10 ಸಾವಿರ, ಹೆಚ್ಚೆಂದರೆ 12. ಬೆಂಗಳೂರಿನ ಎಸಿ ರೂಮಿನಲ್ಲಿ ಕೂತು ಮಾಡಿದ ರಿವ್ಯೂ ಬೇಡ, ನಮ್ಮ ಕಡೆ ಬಿಸಿಲು ಧೂಳಿನಲ್ಲಿ ಬಳಸಿರುವವರು ಹೇಳಿ.

ಶಿರಾ ಗೇಟ್ ಸರ್ವಿಸ್ (ತುಮಕೂರು)

ಸರ್, ಕೂಲರ್ ವಿಷಯ ಆಮೇಲೆ. ಮೊದಲು ವ್ಯಾಟ್ ನೋಡಿ. ಇಂಟೆಲ್ ಇದಕ್ಕೆ ಬರೆದಿರುವುದು ಬೇಸ್ ಪವರ್ 125 ವ್ಯಾಟ್, ಗರಿಷ್ಠ ಟರ್ಬೊ ಪವರ್ 253 ವ್ಯಾಟ್. ಆದರೆ ಝಡ್ ಬೋರ್ಡ್‌ಗಳಲ್ಲಿ ಎಷ್ಟೋ ಸಲ ಆ ಮಿತಿಯನ್ನೇ ತೆಗೆದಿರುತ್ತಾರೆ. ಬಯಾಸ್‌ನಲ್ಲಿ (ಬೋರ್ಡ್‌ನ ಸೆಟ್ಟಿಂಗ್ ಪುಟ) ಪವರ್ ಮಿತಿಗಳಾದ ಪಿಎಲ್1, ಪಿಎಲ್2 ಎದುರು 4096 ಅಂತ ಇದೆಯಾ ನೋಡಿ. ಇದ್ದರೆ ಮಿತಿ ಇಲ್ಲ ಅಂತಲೇ ಅರ್ಥ. ಪ್ರೊಸೆಸರ್ ಸಿಕ್ಕಷ್ಟು ಕರೆಂಟ್ ಎಳೆದು 100 ಡಿಗ್ರಿಗೆ ಬಡಿದು ನಿಲ್ಲುತ್ತದೆ. ನಾಲ್ಕು ಪೈಪಿನ ಕೂಲರ್ ಪಾಪ ಏನು ಮಾಡೀತು.

ಇನ್ನು 5.7ರ ಲೆಕ್ಕ. ಕ್ಲಾಕ್ ಏರಿದಷ್ಟೇ ಬಿಸಿ ಏರಿದ್ದರೆ ತೊಂದರೆ ಇರಲಿಲ್ಲ, ಆದರೆ ವೋಲ್ಟೇಜ್ ಏರಿಸಿದಾಗ ಅದು ವರ್ಗದ ಲೆಕ್ಕದಲ್ಲಿ ಏರುತ್ತದೆ. 5.5ರಿಂದ 5.7 ಅಂದರೆ ಸ್ಪೀಡ್ ಜಾಸ್ತಿಯಾಗಿದ್ದು 3.6 ಪರ್ಸೆಂಟ್. ಅದಕ್ಕಾಗಿ ವೋಲ್ಟೇಜ್ 1.25ರಿಂದ 1.35ಕ್ಕೆ ಹೋಗಬೇಕಾಯಿತು ಅಂತಿಟ್ಟುಕೊಳ್ಳಿ. ಬಿಸಿ ಸುಮಾರು 21 ಪರ್ಸೆಂಟ್ ಏರುತ್ತದೆ. 250 ವ್ಯಾಟ್ ಇದ್ದದ್ದು 300. ಒಂದು ಗಂಟೆಯ ಎಕ್ಸ್‌ಪೋರ್ಟ್‌ನಲ್ಲಿ ಎರಡು ನಿಮಿಷ ಉಳಿಸೋಕೆ 50 ವ್ಯಾಟ್ ಜಾಸ್ತಿ ಬಿಸಿ, ಅದೂ ನಿಮ್ಮ ಆ ರೂಮಿನಲ್ಲಿ.

ಇನ್ನೊಂದು ವಿಷಯ, ಇದು ಕೂಲರ್‌ಗಿಂತ ಮುಖ್ಯ. 13 ಮತ್ತು 14ನೇ ಜನರೇಶನ್ ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಜಾಸ್ತಿ ವೋಲ್ಟೇಜ್‌ನಿಂದ ಒಳಗೊಳಗೇ ಹಾಳಾಗುವ ಗಲಾಟೆ 2024ರಲ್ಲಿ ಆಯಿತಲ್ಲ, ಅದಕ್ಕೆ ಇಂಟೆಲ್ ಆಗಸ್ಟ್‌ನಲ್ಲಿ 0ಎಕ್ಸ್129, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಅನ್ನುವ ಮೈಕ್ರೊಕೋಡ್ (ಬಯಾಸ್ ಜೊತೆ ಬರುವ, ಪ್ರೊಸೆಸರ್ ಒಳಗಿನ ಸೂಚನೆಗಳ ತಿದ್ದುಪಡಿ) ಬಿಟ್ಟಿತು. ಬಯಾಸ್ ಅಪ್‌ಡೇಟ್ ಮಾಡಿದ್ದೀರಾ? ಮಾಡಿಲ್ಲ ಅಂದರೆ ಇವತ್ತೇ ಮಾಡಿ, ಕೂಲರ್ ನಾಳೆ ತಗೊಳ್ಳಿ. ಆಗಲೇ ಹಾಳಾಗಿರುವ ಪ್ರೊಸೆಸರನ್ನು ಮೈಕ್ರೊಕೋಡ್ ಸರಿ ಮಾಡುವುದಿಲ್ಲ, ಆಗದ ಹಾಗೆ ತಡೆಯುತ್ತದೆ ಅಷ್ಟೇ. ಬಾಕ್ಸ್‌ನಲ್ಲಿ ಬಂದ ಪ್ರೊಸೆಸರ್‌ಗಳಿಗೆ 3 ವರ್ಷದ ವಾರಂಟಿ ಇದ್ದದ್ದನ್ನು 5 ವರ್ಷ ಮಾಡಿದ್ದಾರೆ. ಓವರ್‌ಕ್ಲಾಕ್ ಮಾಡಿ ಆ ವಾರಂಟಿಗೆ ಕಲ್ಲು ಹಾಕಿಕೊಳ್ಳುವುದು ಯಾಕೆ?

ನನ್ನ ಓಟು ಏರ್ ಕೂಲರ್‌ಗೆ. ಎರಡು ಟವರ್, ಆರು ಅಥವಾ ಏಳು ಪೈಪಿನದ್ದು, ನಾಲ್ಕೈದು ಸಾವಿರಕ್ಕೆ ಒಳ್ಳೆಯದೇ ಸಿಗುತ್ತದೆ. ಅದರಲ್ಲಿ ಕೆಡುವ ವಸ್ತು ಅಂದರೆ ಫ್ಯಾನ್ ಒಂದೇ. ಕೆಟ್ಟರೆ ತುಮಕೂರಿನಲ್ಲೇ ಯಾವುದಾದರೂ 120 ಎಂಎಂ ಫ್ಯಾನ್ ತಂದು ಅದೇ ಸಂಜೆ ಕ್ಲಿಪ್ ಹಾಕಬಹುದು. ಲಿಕ್ವಿಡ್‌ನಲ್ಲಿ ಪಂಪ್ ಹೋದರೆ ಪೂರ್ತಿ ಸೆಟ್ಟೇ ಕೊರಿಯರ್‌ನಲ್ಲಿ ವಾರಂಟಿಗೆ ಹೋಗಬೇಕು. ಅದು ವಾಪಸ್ ಬರೋವರೆಗೂ ಮದುಮಗಳ ಅಪ್ಪನಿಗೆ ನೀವೇನು ಹೇಳ್ತೀರಿ?

ಅಂತರಗಂಗೆ (ಕೋಲಾರ)

ಶಿರಾ ಗೇಟ್ ಅಣ್ಣ, ವಾರಂಟಿ ಮತ್ತು ಬಯಾಸ್ ಬಗ್ಗೆ ಹೇಳಿದ್ದೆಲ್ಲ ಸರಿ. ಆದರೆ ಪಂಪ್ ಭಯ ಸ್ವಲ್ಪ ಜಾಸ್ತಿ ಆಯ್ತು. ನಾನು ಕೋಲಾರದಲ್ಲಿ 280 ಲಿಕ್ವಿಡ್ ಇಟ್ಟುಕೊಂಡು ತ್ರೀಡಿ ರೆಂಡರ್ ಮಾಡುತ್ತೇನೆ, ರಾತ್ರಿ ಹಾಕಿದರೆ ಬೆಳಗ್ಗೆವರೆಗೂ ಎಲ್ಲ ಕೋರ್ 100 ಪರ್ಸೆಂಟ್. ಪಂಪ್ ಇನ್ನೂ ಗಟ್ಟಿಯಾಗಿದೆ.

ಬಹಳ ಜನರಿಗೆ ಇರುವ ತಪ್ಪು ಕಲ್ಪನೆ ಅಂದರೆ ನೀರು ತಂಪು ಅನ್ನೋದು. ನೀರು ಪ್ರೊಸೆಸರನ್ನು ತಂಪು ಮಾಡುವುದಿಲ್ಲ, ಬಿಸಿಯನ್ನು ಎತ್ತಿಕೊಂಡು ಹೋಗಿ ರೇಡಿಯೇಟರ್‌ಗೆ ಕೊಡುತ್ತದೆ. ಅಲ್ಲಿಂದ ಮುಂದೆ ಗಾಳಿಯೇ. ರೂಮ್ 37 ಇದ್ದರೆ ನೀರು 37ಕ್ಕಿಂತ ಕೆಳಗೆ ಬರುವ ಮಾತೇ ಇಲ್ಲ. ಅದೇ ರೀತಿ ಏರ್ ಕೂಲರ್‌ನ ತಾಮ್ರದ ಪೈಪ್ ಒಳಗೂ ಇರುವುದು ನೀರೇ, ಕೆಲವು ಹನಿ ಅಷ್ಟೇ. ಗಾಳಿ ತೆಗೆದು ಸೀಲ್ ಮಾಡಿರುತ್ತಾರೆ, ಹಾಗಾಗಿ ಕಡಿಮೆ ಬಿಸಿಗೇ ಕುದಿದು ಆವಿಯಾಗಿ ಮೇಲೆ ಹೋಗುತ್ತದೆ, ತಣ್ಣಗಾಗಿ ಪೈಪಿನ ಒಳಮೈ ಹಿಡಿದು ವಾಪಸ್ ಬರುತ್ತದೆ. ಪಂಪ್ ಇಲ್ಲ, ಅದೊಂದೇ ವ್ಯತ್ಯಾಸ. ನೀರಿಗೆ ಹೆದರುವವರು ಇದಕ್ಕೂ ಹೆದರಬೇಕಲ್ಲವಾ!

ಲಿಕ್ವಿಡ್ ಗೆಲ್ಲುವುದು ಎರಡು ಕಡೆ. ಒಂದು, ಜಾಗ. ಪ್ರೊಸೆಸರ್ ಪಕ್ಕದಲ್ಲೇ ಎಲ್ಲ ಫಿನ್ನುಗಳನ್ನು ತುರುಕಬೇಕಿಲ್ಲ. 360 ಎಂಎಂ ರೇಡಿಯೇಟರನ್ನು ಕ್ಯಾಬಿನೆಟ್ ನೆತ್ತಿಗೆ ಹಾಕಿದರೆ ಬಿಸಿ ಸೀದಾ ಹೊರಗೆ. ಏರ್ ಕೂಲರ್ ಮೊದಲು ಕ್ಯಾಬಿನೆಟ್ ಒಳಗೆ ಬಿಸಿ ಬಿಟ್ಟು, ಆಮೇಲೆ ಹಿಂದಿನ ಫ್ಯಾನ್ ಅದನ್ನು ತಳ್ಳಬೇಕು. ಎರಡು, ಏಕಾಏಕಿ ಬರುವ ಲೋಡ್. ಒಳಗೆ ಕಾಲು ಲೀಟರ್ ದ್ರವ ಇದೆ ಅಂತಿಟ್ಟುಕೊಳ್ಳಿ, ನೀರಿನ ಲೆಕ್ಕದಲ್ಲಿ ಅದು ಒಂದು ಡಿಗ್ರಿ ಏರೋಕೆ ಸಾವಿರ ಜೂಲ್ ಬೇಕು. 250 ವ್ಯಾಟ್ ಪೂರ್ತಿ ಸುರಿದರೂ ಡಿಗ್ರಿಗೆ ನಾಲ್ಕು ಸೆಕೆಂಡ್. ಅದಕ್ಕೇ ಲಿಕ್ವಿಡ್ ಸಿಸ್ಟಮ್‌ನಲ್ಲಿ ಫ್ಯಾನ್ ಪದೇ ಪದೇ ಕೂಗಾಡುವುದಿಲ್ಲ. ಆದರೆ ಹತ್ತು ಹದಿನೈದು ನಿಮಿಷ ಆದ ಮೇಲೆ ನೀರೂ ಬಿಸಿಯಾಗಿರುತ್ತದೆ, ಆಮೇಲೆ ರೇಡಿಯೇಟರ್ ಎಷ್ಟು ದೊಡ್ಡದು, ಫ್ಯಾನ್ ಎಷ್ಟು ಜೋರು ಅನ್ನುವುದಷ್ಟೇ ಲೆಕ್ಕ. 240 ಲಿಕ್ವಿಡ್ ತಗೊಂಡರೆ ಒಳ್ಳೆಯ ಡಬಲ್ ಟವರ್‌ಗಿಂತ ದೊಡ್ಡ ಲಾಭ ಏನೂ ಇಲ್ಲ, ಆ ದುಡ್ಡು ಸುಮ್ನೆ ಲೈಟಿಗೆ ಹೋಯಿತು ಅಂದುಕೊಳ್ಳಿ. ತಗೊಂಡರೆ 360, ಇಲ್ಲವಾದರೆ ಬೇಡ.

ತೊಂದರೆ ಇಲ್ಲವೇ ಇಲ್ಲ ಅಂತಲೂ ಹೇಳುವುದಿಲ್ಲ. ರಬ್ಬರ್ ಟ್ಯೂಬ್ ಮೂಲಕ ದ್ರವ ನಿಧಾನಕ್ಕೆ ಆವಿಯಾಗಿ ಹೋಗುತ್ತದೆ, ಐದಾರು ವರ್ಷ ಬಂದರೆ ಸಾಕು ಅಂತ ಮನಸ್ಸು ಗಟ್ಟಿ ಮಾಡಿಕೊಂಡೇ ತಗೊಳ್ಳಬೇಕು. ಪಂಪ್ ಯಾವತ್ತೂ ಎಲ್ಲಕ್ಕಿಂತ ಎತ್ತರದಲ್ಲಿ ಇರಬಾರದು. ಇದ್ದರೆ ಒಳಗಿನ ಗಾಳಿಗುಳ್ಳೆ ಅಲ್ಲೇ ಸೇರಿಕೊಂಡು ಗುಳುಗುಳು ಅನ್ನುತ್ತದೆ, ಪಂಪೂ ಬೇಗ ಸವೆಯುತ್ತದೆ. ರೇಡಿಯೇಟರ್ ನೆತ್ತಿ ಮೇಲೆ ಇದ್ದರೆ ಈ ಚಿಂತೆ ಇಲ್ಲ.

ಧೂಳು ಮಾತ್ರ ನಿಜವಾದ ಶತ್ರು. ನಮ್ಮ ಬೀದಿಯಲ್ಲಿ ಸುಗ್ಗಿ ಮುಗಿಯುವ ಹೊತ್ತಿಗೆ ರಾಗಿ ಹೊಟ್ಟು ಗಾಳಿಯಲ್ಲೇ ತೇಲುತ್ತಿರುತ್ತದೆ. ರೇಡಿಯೇಟರ್ ಫಿನ್ ತುಂಬ ಒತ್ತೊತ್ತು, ಫ್ಯಾನ್ ತೆಗೆದು ನೋಡಿದರೆ ಬೂದು ಬಣ್ಣದ ಕಂಬಳಿ ಹೊದ್ದ ಹಾಗೆ ಇರುತ್ತದೆ. ಮೇಲಿಂದ ನೋಡಿದರೆ ಗೊತ್ತೇ ಆಗುವುದಿಲ್ಲ, ಫ್ಯಾನ್ ಬಿಚ್ಚಲೇಬೇಕು. ಬ್ಲೋಯರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಗಾಳಿಗೆ ಹುಚ್ಚು ಸ್ಪೀಡಲ್ಲಿ ತಿರುಗಿಸಬೇಡಿ.

ಮಾಲೂರು ಗೇಮರ್

ಮಧ್ಯ ಬಾಯಿ ಹಾಕ್ತಿದೀನಿ, ಸಾರಿ ಅಣ್ಣಂದಿರಾ. ನನ್ನದು ರೈಝೆನ್ 7 7800ಎಕ್ಸ್3ಡಿ, ಬರೀ ಗೇಮಿಂಗ್. ಕಸ್ಟಮ್ ಲೂಪ್ (ಬಿಡಿಭಾಗ ತಂದು ನಾವೇ ಜೋಡಿಸುವ ಲಿಕ್ವಿಡ್ ಕೂಲಿಂಗ್) ಮಾಡಿ ಗಾಜಿನ ಪೈಪ್ ಹಾಕಬೇಕು ಅಂತ ಹುಚ್ಚು. ನೀರಿಗೆ ನಮ್ಮ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರು ಆಗುತ್ತಾ? ಕಾಸಿನ ಖರ್ಚೂ ಇಲ್ಲ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ಮಾಲೂರು ತಮ್ಮ, ಮೊದಲು ನಿನ್ನದು ಮುಗಿಸಿಬಿಡುತ್ತೇನೆ. ಬೇಡ. ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಯ ಬೋರ್‌ವೆಲ್ ನೀರಿನಲ್ಲಿ ಗಡಸುತನ, ಫ್ಲೋರೈಡ್ ಎರಡೂ ಜಾಸ್ತಿ. ಆರ್‌ಒ ಅದನ್ನು ಕಡಿಮೆ ಮಾಡುತ್ತದೆ, ಪೂರ್ತಿ ತೆಗೆಯುವುದಿಲ್ಲ. ಉಳಿದ ಲವಣ ತಾಮ್ರದ ಬ್ಲಾಕ್‌ನ ಸಣ್ಣ ಸಣ್ಣ ಗೆರೆಗಳಲ್ಲಿ ಕೂರುತ್ತದೆ. ಬೇಕಾದ್ದು ಡಿಸ್ಟಿಲ್ಡ್ ವಾಟರ್, ಜೊತೆಗೆ ತುಕ್ಕು ಮತ್ತು ಪಾಚಿ ತಡೆಯುವ ದ್ರಾವಣ, ಅಥವಾ ರೆಡಿಮೇಡ್ ಕೂಲೆಂಟ್. ತಾಮ್ರದ ಬ್ಲಾಕ್ ಜೊತೆ ಅಲ್ಯೂಮಿನಿಯಂ ರೇಡಿಯೇಟರ್ ಸೇರಿಸಬೇಡ, ಎರಡು ಲೋಹ ಒಂದೇ ನೀರಿನಲ್ಲಿದ್ದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಅದೆಲ್ಲ ಇರಲಿ, 7800ಎಕ್ಸ್3ಡಿ ಗೇಮಿನಲ್ಲಿ 90 ವ್ಯಾಟ್ ಕೂಡ ಮುಟ್ಟುವುದಿಲ್ಲ, ಮಲ್ಟಿಪ್ಲೈಯರ್ ಲಾಕ್ ಆಗಿದೆ, ಅಂದರೆ ಕ್ಲಾಕ್ ನೇರವಾಗಿ ಏರಿಸೋಕಾಗಲ್ಲ. ಅದಕ್ಕೆ ಕಸ್ಟಮ್ ಲೂಪ್ ಅಂದರೆ ಮೂಗಿಗಿಂತ ಮೂಗುತಿ ಭಾರ. ಮೂರ್ನಾಲ್ಕು ಸಾವಿರದ ಟವರ್ ಹಾಕಿ ಕರ್ವ್ ಆಪ್ಟಿಮೈಜರ್‌ನಲ್ಲಿ (ವೋಲ್ಟೇಜ್ ಇಳಿಸುವ ಸೆಟ್ಟಿಂಗ್) ಮೈನಸ್ 20 ಕೊಟ್ಟು ನೋಡು, ಸ್ಟೇಬಲ್ ಇದ್ದರೆ ಅಲ್ಲಿಗೆ ಬಿಡು. ಚಂದಕ್ಕೆ ಬೇಕೇ ಬೇಕು ಅಂದರೆ ಅದು ನಿನ್ನ ದುಡ್ಡು, ನಿನ್ನ ಇಷ್ಟ.

ಈಗ ಬಟವಾಡಿಯವರಿಗೆ. ಶಿರಾ ಗೇಟ್, ಅಂತರಗಂಗೆ ಇಬ್ಬರೂ ಸಿನಿಬೆಂಚ್ ಲೆಕ್ಕದಲ್ಲೇ ಮಾತಾಡುತ್ತಿದ್ದಾರೆ. ನನಗೆ ಅನುಮಾನ ಬಂದಿದ್ದು ಎಕ್ಸ್‌ಪೋರ್ಟ್‌ನಲ್ಲಿ 90 ಅಂದಿರಲ್ಲ, ಅಲ್ಲಿ. ನಿಮ್ಮ ಕ್ಯಾಮೆರಾ ಫೂಟೇಜ್ ಯಾವ ಫಾರ್ಮ್ಯಾಟ್? ಹೆಚ್.265, 10 ಬಿಟ್, 4:2:2 ಆಗಿದ್ದರೆ ನಿಮ್ಮ 4060 ಕಾರ್ಡ್ ಅದನ್ನು ಡಿಕೋಡ್ ಮಾಡುವುದಿಲ್ಲ, ಅಂದರೆ ಒತ್ತಿಟ್ಟ ವಿಡಿಯೊವನ್ನು ಬಿಚ್ಚುವುದಿಲ್ಲ. ಎನ್‌ವಿಡಿಯಾದಲ್ಲಿ ಅದು ಬಂದಿದ್ದು 50 ಸೀರೀಸ್‌ನಿಂದ. ಆದರೆ ನಿಮ್ಮ 14700ಕೆ ಒಳಗಿನ ಗ್ರಾಫಿಕ್ಸ್‌ನಲ್ಲಿರುವ ಕ್ವಿಕ್ ಸಿಂಕ್ ಅನ್ನುವ ವಿಡಿಯೊ ಭಾಗ ಆರಾಮಾಗಿ ಮಾಡುತ್ತದೆ. ಬೇರೆ ಕಾರ್ಡ್ ಹಾಕಿದಾಗ ಕೆಲವು ಬೋರ್ಡ್‌ಗಳು ಆ ಒಳಗಿನ ಗ್ರಾಫಿಕ್ಸ್ ಅನ್ನು ತಾವೇ ಆಫ್ ಮಾಡಿಬಿಡುತ್ತವೆ. ಆಗ ಡಿಕೋಡಿಂಗ್ ಕೆಲಸ ಪೂರ್ತಿ ಕೋರ್‌ಗಳ ತಲೆ ಮೇಲೆ. ಟಾಸ್ಕ್ ಮ್ಯಾನೇಜರ್ ಪರ್ಫಾರ್ಮೆನ್ಸ್ ಪುಟದಲ್ಲಿ ಇಂಟೆಲ್ ಗ್ರಾಫಿಕ್ಸ್ ಕಾಣಿಸುತ್ತಿದೆಯಾ? ಇಲ್ಲದಿದ್ದರೆ ಬಯಾಸ್‌ನಲ್ಲಿ ಐಜಿಪಿಯು (ಅದೇ ಒಳಗಿನ ಗ್ರಾಫಿಕ್ಸ್) ಮಲ್ಟಿ ಮಾನಿಟರ್ ಅಂತ ಇರುತ್ತದೆ, ಆನ್ ಮಾಡಿ, ಇಂಟೆಲ್ ಡ್ರೈವರ್ ಹಾಕಿ, ಪ್ರೀಮಿಯರ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್‌ಗೆ ಇಂಟೆಲ್ ಟಿಕ್ ಮಾಡಿ. ಇದರ ಮುಂದೆ 5.7 ಓವರ್‌ಕ್ಲಾಕ್ ಯಾವ ಲೆಕ್ಕಕ್ಕೂ ಇಲ್ಲ.

ಎರಡನೇದು ಕ್ಯಾಬಿನೆಟ್. ಮುಂದೆ ಗಾಜು ಅಂದಿರಿ. ಮೂರು ಫ್ಯಾನ್ ಇದ್ದರೂ ಗಾಜಿಗೆ ಮುಖ ಮಾಡಿ ನಿಂತಿದ್ದರೆ ಪಕ್ಕದ ಸಂದಿಯಿಂದ ಬರುವಷ್ಟೇ ಗಾಳಿ. ಖರ್ಚಿಲ್ಲದ ಪರೀಕ್ಷೆ ಒಂದಿದೆ. ಪಕ್ಕದ ಬಾಗಿಲು ತೆಗೆದಿಟ್ಟು ಅದೇ ಲೋಡ್ ಓಡಿಸಿ. ಐದು ಡಿಗ್ರಿಗಿಂತ ಜಾಸ್ತಿ ಇಳಿದರೆ ನಿಮ್ಮ ಮೊದಲ ಖರ್ಚು ಕೂಲರ್ ಅಲ್ಲ, ಜಾಲರಿ ಮುಖದ ಕ್ಯಾಬಿನೆಟ್. ಇದನ್ನು ಸರಿ ಮಾಡದೆ ಯಾವ ಕೂಲರ್ ಹಾಕಿದರೂ ನೀರಿನಲ್ಲಿ ಹೋಮ ಮಾಡಿದ ಹಾಗೆ.

ಮೂರನೇದು, ಹಳೇ ಕೂಲರ್ ಬಿಚ್ಚಿದಾಗ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಅಚ್ಚನ್ನು ಒರೆಸುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ಎಲ್‌ಜಿಎ 1700 ಸಾಕೆಟ್‌ನ ಲಾಕ್ ಪ್ರೊಸೆಸರನ್ನು ನಡುವೆ ಒತ್ತುತ್ತದೆ, ಉದ್ದಕ್ಕೆ ಇರುವ ಪ್ರೊಸೆಸರ್ ಸ್ವಲ್ಪ ಬಾಗುತ್ತದೆ. ಹಾಗಾಗಿದ್ದರೆ ಎರಡು ತುದಿಯಲ್ಲಿ ಪೇಸ್ಟ್ ತೆಳ್ಳಗೆ ಹರಡಿ ಲೋಹ ಕಾಣಿಸುತ್ತದೆ, ನಡುವೆ ಮಾತ್ರ ದಪ್ಪಗೆ ಬೂದು ಬಣ್ಣದಲ್ಲಿ ಉಳಿದಿರುತ್ತದೆ. ಆ ದಪ್ಪ ಪೇಸ್ಟೇ ಬಿಸಿಗೆ ಅಡ್ಡ. ತಾಮ್ರ ಮೀಟರ್ ಕೆಲ್ವಿನ್‌ಗೆ 400 ವ್ಯಾಟ್ ಸಾಗಿಸಿದರೆ ಒಳ್ಳೆಯ ಪೇಸ್ಟ್ ಹತ್ತರ ಆಚೀಚೆ. ಹಾಗೆ ಕಂಡರೆ ಆ ಲಾಕ್ ಬದಲು ಹಾಕುವ ಕಾಂಟ್ಯಾಕ್ಟ್ ಫ್ರೇಮ್ ಅಂತ ಸಿಗುತ್ತದೆ, ಸಾವಿರದೊಳಗೇ ಬರುತ್ತದೆ, ಹಾಕಿಸಿ. ಸ್ಕ್ರೂ ಮಾತ್ರ ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಜಾಸ್ತಿ ಬಿಗಿದರೆ ರ್ಯಾಮ್ ಕಾಣಿಸದೇ ಹೋಗಬಹುದು.

ಯೂಟ್ಯೂಬ್ ರಿವ್ಯೂ ಬಗ್ಗೆ ನೀವು ಹೇಳಿದ್ದು ನಿಜ, ಆದರೆ ಎಸಿ ಒಂದೇ ಕಾರಣ ಅಲ್ಲ. ನಮ್ಮ ಮೂರೂ ಊರು ಸಮುದ್ರ ಮಟ್ಟದಿಂದ 800 ಮೀಟರ್‌ಗಿಂತ ಎತ್ತರದಲ್ಲಿವೆ. ಇಲ್ಲಿನ ಗಾಳಿ ಎಂಟು ಒಂಬತ್ತು ಪರ್ಸೆಂಟ್ ತೆಳು. ಫ್ಯಾನ್ ಅಷ್ಟೇ ತಿರುಗಿದರೂ ಹೊತ್ತೊಯ್ಯುವ ಬಿಸಿ ಅಷ್ಟು ಕಮ್ಮಿ. ಒಂದೆರಡು ಡಿಗ್ರಿ ವ್ಯತ್ಯಾಸ ಇದರಿಂದಲೇ ಬರುತ್ತದೆ, ಲಿಕ್ವಿಡ್ ಆಗಲಿ ಏರ್ ಆಗಲಿ. ಅದರ ಮೇಲೆ ಅವರ ರೂಮ್ 22, ನಿಮ್ಮದು 37. ಅವರು 80 ತೋರಿಸಿದರೆ ನಿಮಗೆ 95 ಅಂತಲೇ ಓದಿಕೊಳ್ಳಿ.

ಬಟವಾಡಿ ಎಡಿಟರ್

ಅಕ್ಕ, ನೀವು ಹೇಳಿದ ಹಾಗೇ ಇದೆ. ಫೂಟೇಜ್ 4:2:2 10 ಬಿಟ್. ಟಾಸ್ಕ್ ಮ್ಯಾನೇಜರ್‌ನಲ್ಲಿ 4060 ಒಂದೇ ಇತ್ತು. ಬಯಾಸ್‌ನಲ್ಲಿ ಆನ್ ಮಾಡಿ ಡ್ರೈವರ್ ಹಾಕಿದ ಮೇಲೆ ಟೈಮ್‌ಲೈನ್ ಬೆಣ್ಣೆ ಹಾಗೆ ಓಡುತ್ತಿದೆ. ಎಕ್ಸ್‌ಪೋರ್ಟ್‌ನಲ್ಲಿ ಪ್ರೊಸೆಸರ್ 70ರ ಆಸುಪಾಸು, ನಾಯ್ಸ್ ರಿಡಕ್ಷನ್ ಹಾಕಿದ ಕ್ಲಿಪ್ ಬಂದಾಗ ಮಾತ್ರ ಮೇಲೆ ಹೋಗುತ್ತದೆ.

ಬಯಾಸ್ ಹೊಸದು ಹಾಕಿದೆ, 0ಎಕ್ಸ್12ಬಿ ಗಿಂತ ಈಚಿನದು. ಪಿಎಲ್ ಎರಡೂ 4096 ಇತ್ತು, ಈಗ ಇಂಟೆಲ್ ಡೀಫಾಲ್ಟ್, 253. ಬಾಗಿಲು ತೆಗೆದು ಸಿನಿಬೆಂಚ್ ಹಾಕಿದರೆ 100ಕ್ಕೆ ಹೋಗುವುದು ತಡವಾಗುತ್ತದೆ, ಆದರೆ ಹೋಗಿಯೇ ಹೋಗುತ್ತದೆ. ಹಾಗಾಗಿ ಕೂಲರ್ ಅಂತೂ ಬೇಕು. ಓವರ್‌ಕ್ಲಾಕ್ ಆಸೆ ಪೂರ್ತಿ ಬಿಟ್ಟಿಲ್ಲ, ಸುಳ್ಳು ಯಾಕೆ ಹೇಳಲಿ. ಕ್ಯಾಬಿನೆಟ್ ಪುಸ್ತಕದಲ್ಲಿ ಕೂಲರ್ ಎತ್ತರ 160 ಎಂಎಂ ವರೆಗೆ, ಮೇಲೆ ರೇಡಿಯೇಟರ್ 240 ಮಾತ್ರ, ಮುಂದೆ 360 ಅಂತ ಬರೆದಿದೆ.

ಶಿರಾ ಗೇಟ್ ಸರ್ವಿಸ್ (ತುಮಕೂರು)

ಅಲ್ಲಿಗೆ ಅರ್ಧ ತೀರ್ಮಾನ ಕ್ಯಾಬಿನೆಟ್ಟೇ ಮಾಡಿತು. 360 ಮುಂದೆ ಹಾಕಿದರೆ ಗಾಜಿನ ಹಿಂದೆ ಉಸಿರು ಕಟ್ಟುತ್ತದೆ, ಮೇಲಾಗಿ ಪ್ರೊಸೆಸರ್‌ನ ಬಿಸಿಯೆಲ್ಲ ಒಳಗೇ ಊದುತ್ತದೆ. ನಾಕ್ಟುವಾ ಎನ್‌ಹೆಚ್-ಡಿ15 165 ಎಂಎಂ, ನಿಮ್ಮ ಬಾಗಿಲು ಮುಚ್ಚುವುದಿಲ್ಲ. ಡೀಪ್‌ಕೂಲ್ ಎಕೆ620 ಸರಿಯಾಗಿ 160, ಗಾಜಿಗೆ ತಾಗಿಕೊಂಡೇ ಇರುತ್ತದೆ, ನನಗೆ ಅದು ಇಷ್ಟ ಇಲ್ಲ. ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ 155 ಎಂಎಂ, ಆರು ಪೈಪ್, ಎರಡು ಫ್ಯಾನ್. ಆರಾಮಾಗಿ ಕೂರುತ್ತದೆ, ಉಳಿದ ದುಡ್ಡಿಗೆ ಯುಪಿಎಸ್ ಬದಲಾಯಿಸಿ.

ಯುಪಿಎಸ್ ಯಾಕೆ ಅಂದರೆ, 600 ವಿಎ ಅಂತ ಬರೆದಿರುವುದು ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ ಕೊಡುತ್ತದೆ. ನಿಮ್ಮ ಪ್ರೊಸೆಸರ್ 253, ಕಾರ್ಡ್ 115, ಉಳಿದದ್ದು ಮಾನಿಟರ್ ಎಲ್ಲ ಸೇರಿ ಐವತ್ತು ಅರವತ್ತು. ಎರಡೂ ಒಟ್ಟಿಗೆ ಓಡುವಾಗ ಕರೆಂಟ್ ಹೋದರೆ ಯುಪಿಎಸ್ ಕೀಂ ಅಂದು ಅಲ್ಲೇ ಕೈ ಎತ್ತುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋಗುವುದು ನಿಮಗೇನು ಹೊಸದಾ? 300 ವ್ಯಾಟ್ ಪ್ರೊಸೆಸರ್ ಮಾಡಿಕೊಂಡು ಇನ್ನೂ ಕೆಡಿಸಿಕೊಳ್ಳಬೇಡಿ.

ಅಂತರಗಂಗೆ (ಕೋಲಾರ)

ಆ ಕ್ಯಾಬಿನೆಟ್‌ಗೆ ಏರ್ ಕೂಲರೇ ಸರಿ, ಒಪ್ಪಿದೆ. ಆದರೆ ಬಟವಾಡಿಯವರೇ, ಮುಂದೆ ಯಾವಾಗಲಾದರೂ 5.7 ಹಟ ಹಿಡಿದರೆ ಕ್ಯಾಬಿನೆಟ್ ಬದಲಾಯಿಸದೆ ಕೈ ಹಾಕಬೇಡಿ. ನೆತ್ತಿಯಲ್ಲಿ 360 ಹಿಡಿಯುವಂಥದ್ದೇ ಬೇಕು. ಪುಸ್ತಕದಲ್ಲಿ ಬರೆದಿದ್ದು ಸಾಲದು, ಅಳೆಯಿರಿ. ರೇಡಿಯೇಟರ್ 27 ಎಂಎಂ, ಫ್ಯಾನ್ 25 ಎಂಎಂ, ಒಟ್ಟು 52. ಅಷ್ಟು ಜಾಗದಲ್ಲಿ ಬೋರ್ಡ್‌ನ ವಿಆರ್‌ಎಂ (ಪ್ರೊಸೆಸರ್‌ಗೆ ವೋಲ್ಟೇಜ್ ಕೊಡುವ ಭಾಗ) ಮೇಲಿನ ಅಲ್ಯೂಮಿನಿಯಂ ಗಡ್ಡೆ ಅಡ್ಡ ಬರುತ್ತದೆ. ಇನ್ನೊಂದು, ಲಿಕ್ವಿಡ್ ಹಾಕಿದಾಗ ವಿಆರ್‌ಎಂ ಮೇಲೆ ಗಾಳಿ ಆಡುವುದಿಲ್ಲ. ಟವರ್ ಕೂಲರ್‌ನ ಫ್ಯಾನ್ ಪಕ್ಕದಲ್ಲೇ ಇರುವುದರಿಂದ ಅದಕ್ಕೂ ಪುಕ್ಕಟೆ ಗಾಳಿ ಸಿಗುತ್ತದೆ. ಓವರ್‌ಕ್ಲಾಕ್ ಮಾಡುವವರು ಪ್ರೊಸೆಸರ್ ಡಿಗ್ರಿ ಮಾತ್ರ ನೋಡುತ್ತಾ ಕೂತು ಇದನ್ನು ಮರೆಯುತ್ತಾರೆ.

ಬಟವಾಡಿ ಎಡಿಟರ್

155ರದ್ದೇ ಆರ್ಡರ್ ಹಾಕಿದೆ, ಕಾಂಟ್ಯಾಕ್ಟ್ ಫ್ರೇಮ್ ಕೂಡ. ಓವರ್‌ಕ್ಲಾಕ್ ಬದಲು ಅಂಡರ್‌ವೋಲ್ಟ್, ಅಂದರೆ ವೋಲ್ಟೇಜ್ ಇಳಿಸುವುದು, ಮಾಡೋಣ ಅಂತ ಇದೆ. ಎಷ್ಟು ಇಳಿಸಬಹುದು? ಮತ್ತೆ ನನ್ನ ರ್ಯಾಮ್ ಮೇಲೆ ಎತ್ತರದ ಲೈಟ್ ಕಿರೀಟ ಇದೆ, ಕೂಲರ್ ಫ್ಯಾನ್ ತಾಗುತ್ತಾ?

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ಎಷ್ಟು ಅಂತ ಯಾರೂ ಹೇಳೋಕಾಗಲ್ಲ, ಪ್ರತಿ ಪ್ರೊಸೆಸರ್ ಬೇರೆ. ಆಫ್‌ಸೆಟ್ ಮೈನಸ್ 0.03 ವೋಲ್ಟ್‌ನಿಂದ ಶುರು ಮಾಡಿ, ಪ್ರತಿ ಸಲ ಸ್ವಲ್ಪ ಇಳಿಸಿ, ಒಸಿಸಿಟಿ ಅನ್ನುವ ಲೋಡ್ ಪರೀಕ್ಷೆ ಓಡಿಸಿ, ಆಮೇಲೆ ನಿಜವಾದ ಒಂದು ಮದುವೆ ಪ್ರಾಜೆಕ್ಟ್ ಎಕ್ಸ್‌ಪೋರ್ಟ್ ಮಾಡಿ ನೋಡಿ. ಹೆಚ್‌ಡಬ್ಲ್ಯುಇನ್ಫೊದಲ್ಲಿ (ವ್ಯಾಟ್, ಡಿಗ್ರಿ ತೋರಿಸುವ ಸಾಫ್ಟ್‌ವೇರ್) ವ್ಯಾಟ್ ಇಳಿಯುತ್ತಿದೆ ಆದರೆ ಸಿನಿಬೆಂಚ್ ಸ್ಕೋರ್ ಕೂಡ ಧಡ್ ಅಂತ ಬಿದ್ದಿದೆ ಅಂದರೆ ಸಿಇಪಿ ಅನ್ನುವ ರಕ್ಷಣೆ ಅಡ್ಡ ಬರುತ್ತಿದೆ ಅಂತ ಅರ್ಥ, ಆಗ ಆ ಆಫ್‌ಸೆಟ್ ಬಿಟ್ಟು ಹಿಂದೆ ಬನ್ನಿ. ಇದೆಲ್ಲ ತಲೆನೋವು ಅನಿಸಿದರೆ ಪಿಎಲ್ ಎರಡನ್ನೂ 200ಕ್ಕೆ ಕಟ್ಟಿಬಿಡಿ. ಸ್ಕೋರ್ ಕೆಲವೇ ಪರ್ಸೆಂಟ್ ಕಮ್ಮಿಯಾಗುತ್ತದೆ, 50 ವ್ಯಾಟ್ ಉಳಿಯುತ್ತದೆ. ಸೀಸನ್ ನಡುವೆ ಪ್ರಯೋಗ ಬೇಡ ಅನ್ನುವವರಿಗೆ ಇದೇ ಸುಲಭ.

ರ್ಯಾಮ್‌ಗೆ ಸ್ಕೇಲ್ ಹಿಡಿದು ನೋಡಿ. ಎತ್ತರ ಇದ್ದರೆ ಮುಂದಿನ ಫ್ಯಾನನ್ನು ಕ್ಲಿಪ್ ಸಮೇತ ಸ್ವಲ್ಪ ಮೇಲೆ ಸರಿಸಬೇಕಾಗುತ್ತದೆ, ಸರಿಸಿದಷ್ಟೂ ಒಟ್ಟು ಎತ್ತರ ಏರುತ್ತದೆ, ನಿಮಗೆ ಗಾಜಿನವರೆಗೆ ಇರುವುದು 5 ಎಂಎಂ. ಸಾಲದಿದ್ದರೆ ಮುಂದಿನ ಫ್ಯಾನನ್ನು ಹಿಂದಿನ ಟವರ್‌ನ ಹಿಂಬದಿಗೆ ಹಾಕಿ, ಗಾಳಿ ಮುಂದಿನಿಂದ ಹಿಂದಕ್ಕೆ ಹೋಗುವ ಹಾಗೆ. ಫ್ಯಾನ್ ಚೌಕಟ್ಟಿನ ಅಡ್ಡಪಟ್ಟಿ ಇರುವ ಬದಿಯಿಂದ ಗಾಳಿ ಹೊರಗೆ ಬರುತ್ತದೆ, ಅದು ನೋಡಿಕೊಂಡು ಕೂರಿಸಿ. ಮತ್ತೆ ಕೂಲರ್ ತಳಕ್ಕೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆ ಕಿತ್ತು ಹಾಕಿಯೇ ಪೇಸ್ಟ್ ಹಚ್ಚಿ.